ಆನೆ ಓಡಾಡುವ ಹೊತ್ತಲ್ಲೇ ಸೈಕಲ್ ಯಾಕೆ?

ಕೊಡಗಿನ ಸಿದ್ದಾಪುರ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಐದು ವರ್ಷದ ಮಗಳು, ಎರಡು ವರ್ಷದ ಮಗ. ಮದುವೆಗೆ ಮುಂಚೆ ಮಡಿಕೇರಿಯಿಂದ ಭಾಗಮಂಡಲದವರೆಗೂ ಸೈಕಲ್ ತುಳಿದವರು. ಈಗ ಮನೆಯವರೆಲ್ಲ ಮಲಗಿರುವಾಗ, ಬೆಳಿಗ್ಗೆ ಐದಕ್ಕೆ ಹೊರಟು ಆರೂವರೆಗೆ ವಾಪಸ್. ‘ಯಾರಿಗೂ ತೊಂದರೆಯಿಲ್ಲ. ಒಂದು ಸಲ ಮಾತ್ರ ತಿರುವಿನಲ್ಲಿ ಆನೆ ಸಿಕ್ಕಿತ್ತು. ಆದರೂ ಮಕ್ಕಳನ್ನು ಬಿಟ್ಟು ಹೋದೆನಲ್ಲ ಅಂತ ಮನಸ್ಸು ಚುಚ್ಚುತ್ತದೆ. ನಿಲ್ಲಿಸಿಬಿಡಲಾ?’ ಎಂದು ಕೇಳಿದ್ದಾರೆ.

ಒಂದು ಸಲ ಮಾತ್ರ! ಅಲ್ಲಮ್ಮಾ, ಎಷ್ಟು ಸಲ ಸಿಗಬೇಕಿತ್ತು?

ನಿಮ್ಮ ಊರಿನಲ್ಲೇ ಹುಟ್ಟಿ ಬೆಳೆದ ನಿಮಗೆ ನಾನು ಹೇಳಬೇಕಾ? ರಾತ್ರಿ ತೋಟದಲ್ಲಿ ಹಲಸು, ಬಾಳೆ ಅಂತ ಮೇಯ್ದ ಆನೆಗಳು ಬೆಳಕು ಹರಿಯುವ ಹೊತ್ತಿಗೆ ರಸ್ತೆ ದಾಟುತ್ತವೆ. ಮುಂಜಾನೆ ಕೆಲಸಕ್ಕೆ ಹೋಗುವಾಗ ಜೀವ ಕಳೆದುಕೊಂಡ ಕಾರ್ಮಿಕರಿದ್ದಾರೆ. ಜನವರಿಯಲ್ಲಿ ಆರೂವರೆಗೂ ಸೂರ್ಯ ಹುಟ್ಟಿರುವುದಿಲ್ಲ, ಮೇಲೆ ಮಂಜು ಬೇರೆ. ಸದ್ದಿಲ್ಲದ ಸೈಕಲ್ ಬರುವುದು ಆನೆಗೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಆ ಹೊತ್ತನ್ನೇ ಆರಿಸಿದ್ದೀರಿ. ಯಾಕೆಂದರೆ ಮನೆಯಲ್ಲಿ ಯಾರಿಗೂ ಬೇಡದ ಹೊತ್ತು ಅದೊಂದೇ. ಪತ್ರದ ಮೂರನೇ ಪುಟದಲ್ಲಿ ಸುಮ್ನೆ ಹೀಗೊಂದು ಸಾಲಿದೆ: ನಿಮ್ಮ ಯಜಮಾನರು ಭಾನುವಾರ ಏಳೂವರೆಯಿಂದ ಒಂಬತ್ತೂವರೆವರೆಗೆ ಶಟಲ್ ಆಡುತ್ತಾರೆ. ಅವರ ಮನಸ್ಸು ಚುಚ್ಚುತ್ತದೆ ಅಂತ ಎಲ್ಲೂ ಬರೆದಿಲ್ಲ.

ಅವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ರೊಬಸ್ಟಾ ಕಾಫಿ ಕೊಯ್ಲಿನ ಸಮಯ, ಸುಸ್ತಾಗಿರುತ್ತಾರೆ. ನೀವು ಕೇಳಿಲ್ಲ, ಅವರು ಕೊಟ್ಟಿಲ್ಲ. ಸಿಟ್ಟು ನಿಮ್ಮ ಅಕ್ಕನ ಮೇಲೆ. ‘ಮಕ್ಕಳು ದೊಡ್ಡವರಾಗುವವರೆಗೆ ತಡ್ಕೋ’ ಅಂತ ಮೈಸೂರಿನಲ್ಲಿ ಕೂತು ಫೋನಿನಲ್ಲಿ ಹೇಳುತ್ತಾರಲ್ಲ, ಅವರ ಮೇಲೆ. ಇನ್ನು ಹತ್ತು ವರ್ಷ ಕಳೆದರೆ ನೋಯುವ ಮೊಣಕಾಲು ಅಕ್ಕನದಾ, ನಿಮ್ಮದಾ? ಅಕ್ಕನ ಫೋನ್ ಸ್ವಲ್ಪ ಕಡಿಮೆ ಮಾಡಿ.

ಈ ಅಂಕಣದಲ್ಲಿ ಮೊದಲೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಅಪ್ಪ ತನ್ನ ಮಕ್ಕಳನ್ನು ನೋಡಿಕೊಳ್ಳುವುದು ಹೆಂಡತಿಗೆ ಮಾಡುವ ಸಹಾಯ ಅಲ್ಲ. ಥ್ಯಾಂಕ್ಸ್ ಹೇಳುವ ಅಗತ್ಯವೂ ಇಲ್ಲ.

ಮನೆಯೊಳಗೇ ತುಳಿಯುವ ಟ್ರೇನರ್ ತರಲಾ ಅಂತಲೂ ಕೇಳಿದ್ದೀರಿ. ಬೇಡ. ಮಗ ಅದರ ಚಕ್ರಕ್ಕೆ ಬೆರಳು ಹಾಕುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮಳೆ, ಉಳಿದ ತಿಂಗಳು ರಸ್ತೆಯಲ್ಲೇ ತುಳಿಯಿರಿ.

ಮಾಡಬೇಕಾದ್ದು ಒಂದೇ. ಶನಿವಾರ ಮತ್ತು ಭಾನುವಾರದಲ್ಲಿ ಅವರಿಗೊಂದು ದಿನ, ನಿಮಗೊಂದು ದಿನ. ನಿಮ್ಮ ದಿನ ಏಳೂವರೆಗೆ, ಬಿಸಿಲು ಬಿದ್ದ ಮೇಲೆ, ಆನೆ ಎಲ್ಲಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ನೋಡಿಕೊಂಡು ಹೊರಡಿ. ಅಕ್ಕಿ ರೊಟ್ಟಿ ತಟ್ಟಿಟ್ಟು ಹೋಗಬೇಡಿ. ಹಿಟ್ಟು ಕಲಸಿಡಲೂಬೇಡಿ. ಸಕ್ಕರೆ ಡಬ್ಬ ಎಲ್ಲಿ ಅಂತ ಮನೆಯಿಂದ ಫೋನ್ ಬಂದರೆ ಎತ್ತಬೇಡಿ. ಮಗುವಿಗೆ ಜ್ವರ ಇದ್ದರೆ ಬೇರೆ ಮಾತು.