ಹೊಳೆಗೆ ಮೀನುಮರಿ ಬಿಡುವ ಮೊದಲು ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯುವ ದಿನ ಗೊತ್ತು ಮಾಡಿ

ನಿಮ್ಮ ತೋಡಿನಲ್ಲಿ, ಅಂದರೆ ಸಣ್ಣ ಹೊಳೆಯಲ್ಲಿ, ಮೀನು ಕಡಿಮೆಯಾಗಿದೆ, ಕಾಟ್ಲಾ-ರೋಹು ಮರಿ ಬಿಡುವುದಾ ಅಥವಾ ಊರವರು ಸೇರಿ ಜಲಾನಯನ ಸಮಿತಿ ಮಾಡುವುದಾ ಎಂದು ಕೇಳಿದ್ದೀರಿ. ನಾವು ಎರಡನ್ನೂ ಮಾಡಿದವರು. ಬ್ರಹ್ಮಾವರದ ಕಡೆ, ಸೀತಾನದಿಗೆ ಸೇರುವ ತೋಡು ನಮ್ಮದು. ನಕ್ಷೆ ಬರೆದೆವು, ಮದಕದ (ಮಳೆನೀರು ನಿಲ್ಲುವ ಕೆರೆ) ಹೂಳೆತ್ತಿಸಿದೆವು, ಮರಿಯನ್ನೂ ಬಿಟ್ಟೆವು. ಮರಿ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ನೆರೆಗೆ ಕೊಚ್ಚಿ ಹೋಯಿತು. ಹೋಗದೆ ಇನ್ನೇನು? ಕಾಟ್ಲಾ, ರೋಹು ಗಂಗೆಯ ಬಯಲಿನ ಮೀನುಗಳು, ಇಲ್ಲಿ ಕೆರೆಯಲ್ಲಿ ಸಾಕಲಿಕ್ಕೆ ಸರಿ. ಘಟ್ಟದಿಂದ ಇಳಿದು ಅಷ್ಟು ಬೇಗ ಉಪ್ಪುನೀರು ಸೇರುವ ನಮ್ಮ ಹೊಳೆಗಳಲ್ಲಿ ಅವಕ್ಕೆ ನೆಲೆ ಇಲ್ಲ.

ಅದು ದುಡ್ಡಿನ ನಷ್ಟ, ಹೋಗಲಿ. ನಿಜವಾಗಿ ಕೆಟ್ಟದ್ದು ಬೇರೆ ಕಡೆ. ತೋಡಿಗೆ ಕಿಂಡಿ ಅಣೆಕಟ್ಟು ಉಂಟು. ಮಳೆ ನಿಂತು ಹರಿವು ಇಳಿದ ಮೇಲೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುವುದು. ಮಳೆಗಾಲಕ್ಕೆ ಮೊದಲು ತೆಗೆಯುವುದು. ನಮ್ಮ ಯೋಜನೆಯಲ್ಲಿ ಹಲಗೆ ಹಾಕುವ ದಿನ ಇತ್ತು, ನೀರು ಎಷ್ಟು ಎತ್ತರ ನಿಲ್ಲಬೇಕು ಎಂದೂ ಇತ್ತು. ತೆಗೆಯುವ ದಿನ ಇರಲಿಲ್ಲ. ಮೀಟಿಂಗಿಗೆ ಬಂದವರೆಲ್ಲ ನಮ್ಮ ಹಾಗೆ ನಿಂತ ನೀರು ಬೇಕಾದ ಅಡಿಕೆ ತೋಟದವರು, ತೆಗೆಯುವ ಗಡಿಬಿಡಿ ಯಾರಿಗೂ ಇಲ್ಲ. ಅಲ್ಲದೆ ಹಲಗೆ ಇಡುವ ಶೆಡ್ಡಿನ ಕೀ ಇದ್ದದ್ದು ಕಂಟ್ರಾಕ್ಟರನ ಹತ್ತಿರ, ಅವನು ಬಿಲ್ಲು ಪಾಸಾಗದೆ ಬರುವುದಿಲ್ಲ ಎಂದ.

ಆ ವರ್ಷ ಮಳೆ ಒಂದೇ ರಾತ್ರಿಗೆ ಹಿಡಿಯಿತು. ಉಬೆರ್ ಮೀನು ನೀವು ನೋಡಿರುತ್ತೀರಿ. ಮೊದಲ ದೊಡ್ಡ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು, ನೀರಿಗೆ ಎದುರಾಗಿ ಗದ್ದೆಯ ಕಡೆ ಹತ್ತುವ ಮೀನು. ಎಲ್ಲ ಬಂದು ಹಲಗೆಯ ಬುಡದಲ್ಲಿ ನಿಂತಿತು. ಮುಗುಡು, ಮಡೆಂಜಿ, ಹೆಸರು ಗೊತ್ತಿಲ್ಲದ ಸಣ್ಣವು. ಹಾರುವುದು, ಹಲಗೆಗೆ ಬಡಿದು ಬೀಳುವುದು, ಮತ್ತೆ ಹಾರುವುದು. ಜನ ಹೆಡ್‌ಲೈಟ್ ಕಟ್ಟಿಕೊಂಡು ಕತ್ತಿ ಹಿಡಿದು ಬಂದರು. ಬೆಳಿಗ್ಗೆ ಕಾಂಕ್ರೀಟಿನ ಮೇಲೆ ರಾಗಿಕಾಳು ಚೆಲ್ಲಿದ ಹಾಗೆ ಮೊಟ್ಟೆ. ಕಡಿದವರನ್ನು ನಾನು ದೂರುವುದಿಲ್ಲ, ಉಬೆರ್ ಕಡಿಯುವುದು ನಮ್ಮಲ್ಲಿ ಹಿಂದಿನಿಂದಲೂ ಉಂಟು. ಆದರೆ ಹಿಂದೆ ಹತ್ತಿ ಹೋದದ್ದೂ ಇರುತ್ತಿತ್ತು. ಅಡ್ಡಗಟ್ಟಿ ಕೊಟ್ಟದ್ದು ನಾವು. ಮಡೆಂಜಿಯ ಕೆಂಪು ಮರಿಗಳ ಗುಂಪು, ಅದರ ಅಡಿಯಲ್ಲಿ ಕಾವಲಿರುವ ದೊಡ್ಡ ಮೀನು, ಇವು ಮರುವರ್ಷ ಬೈಲಿನಲ್ಲಿ ಕಾಣಲೇ ಇಲ್ಲ. ಮೀನು ಮೊಟ್ಟೆಯಿಡುವ ಹೊತ್ತೆಂದು ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಸುವ ಹಾಗಿಲ್ಲ. ಒಳನಾಡಿನ ಮೀನಿಗೆ ಅದೇ ಹೊತ್ತಿನಲ್ಲಿ ಕತ್ತಿ.

ಹಾಗಾಗಿ ಸಮಿತಿ ಬೇಕು, ಆದರೆ ಹೊಸತು ಮಾಡಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕವೂ ಬೇಕು. ಕಾಗದದ ಮೇಲಾದರೂ ಇರುತ್ತದೆ, ಅದನ್ನೇ ಎಬ್ಬಿಸಿ. ಮತ್ತೆ, ಹೊಳೆಯ ಕೆಳಭಾಗದವರನ್ನು ಕರೆಯಿರಿ. ಸೀತಾ, ಸ್ವರ್ಣಾ ಎರಡೂ ಸಮುದ್ರ ಸೇರುವ ಕೋಡಿಬೆಂಗ್ರೆ ಕಡೆ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವ ಹೆಂಗಸರು ನಮಗೆ ಹೇಳಿದ್ದು ಇದು: ಹಲಗೆ ಒಟ್ಟಿಗೇ ಕಿತ್ತರೆ ಕೆಸರೆಲ್ಲ ಒಮ್ಮೆಗೇ ಬಂದು ಮರುವಾಯಿಯ ಮೇಲೆ ಕೂರುತ್ತದೆ. ನಮ್ಮ ನಕ್ಷೆ ಪಂಚಾಯತಿನ ಗಡಿಗೇ ನಿಂತಿದ್ದರಿಂದ ಅವರ ನೆನಪೇ ನಮಗೆ ಬಂದಿರಲಿಲ್ಲ. ಈಗ ಮೇ ನಡುವಿಗೇ ಮಧ್ಯದ ಕಿಂಡಿಗಳಿಂದ ಶುರುಮಾಡಿ ಒಂದೊಂದೇ ಹಲಗೆ ಎತ್ತುತ್ತೇವೆ. ತೋಟದವರು ಗೊಣಗುತ್ತಾರೆ. ಗೊಣಗಲಿ.

ದೇವರ ಮೀನು ಅಂತ ಮಾಡಿಬಿಡಿ, ಯಾರೂ ಮುಟ್ಟುವುದಿಲ್ಲ ಎನ್ನುವವರು ನಿಮಗೂ ಸಿಗುತ್ತಾರೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಎದುರಿನ ಹೊಳೆಯ ದೇವರ ಮೀನಿಗೇ 1996ರಲ್ಲಿ ವಿಷ ಹಾಕಿದ್ದರು. ಒಂದು ಗುಂಡಿ ಕಾದರೆ ಸಾಲದು, ತೋಡಿನ ಉದ್ದಕ್ಕೂ ಜನ ಬೇಕು.

ಸರಕಾರದ ಯೋಜನೆಯಲ್ಲಿ ಹೂಳೆತ್ತುತ್ತೇವೆ ಎಂದು ಬಂದರೆ ಮದಕ ತೋರಿಸಿ, ತೋಡಿಗೆ ಜೆಸಿಬಿ ಇಳಿಸಲು ಬಿಡಬೇಡಿ. ಏಪ್ರಿಲ್‌ನಲ್ಲಿ ಮೀನು ಉಳಿಯುವುದು ಆಳದ ಗುಂಡಿಗಳಲ್ಲಿ, ದಡದ ಮುಂಡೇವಿನ (ಕೇದಗೆ ಜಾತಿಯ ಗಿಡ) ಬೇರಿನ ಸಂದಿನಲ್ಲಿ. ಶೆಡ್ಡಿನ ಕೀಯ ಒಂದು ಜೊತೆಯನ್ನು ಸಮಿತಿಯ ಹತ್ತಿರ ಇಟ್ಟುಕೊಳ್ಳಿ.