ರೋಮಿನಲ್ಲೂ ಚರ್ಚು ನೋಡಲೇಬೇಕಾ?

ಮಿಲಾನ್, ಫ್ಲಾರೆನ್ಸ್ ಮುಗಿಸೋ ಹೊತ್ತಿಗೇ ಚರ್ಚು ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ, ರೋಮಿನ ಮೂರು ದಿನದಲ್ಲಿ ಎಲ್ಲಾ ಬಿಟ್ಟುಬಿಟ್ಟರೆ ತಪ್ಪಾಗುತ್ತಾ ಅಂತ ಕೇಳಿದ್ದೀರಿ. ಏನೂ ತಪ್ಪಿಲ್ಲ ಸರ್. ಅಲ್ಲಿ ನೂರಾರು ಚರ್ಚುಗಳಿವೆ, ಊರಿನವರೇ ಎಲ್ಲಾ ನೋಡಿರಲಿಕ್ಕಿಲ್ಲ.

ಆದರೆ ಒಂದಕ್ಕೆ ಮಾತ್ರ ಹೋಗಿ: ಪಿಯಾತ್ಸಾ ನವೋನಾ ಅನ್ನೋ ಚೌಕದ ಹತ್ತಿರದ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ. ಟಿಕೆಟ್ ಇಲ್ಲ. ಕಂಬ, ಗಿಲೀಟು, ಗೋಪುರ ಯಾವುದಕ್ಕೂ ತಲೆ ಎತ್ತಬೇಡಿ. ಸೀದಾ ಎಡಗಡೆಯ ಕೊನೇ ಚಾಪೆಲ್‌ಗೆ (ಚರ್ಚಿನೊಳಗಿನ ಪುಟ್ಟ ಪ್ರಾರ್ಥನಾ ಕೋಣೆ) ನಡೀರಿ. ಇಟಲಿಯ ಚಿತ್ರಕಾರ ಕರವಾಜ್ಜೊ 1600ರ ಆಸುಪಾಸಿನಲ್ಲಿ ಬರೆದ, ಸುಂಕ ವಸೂಲಿ ಬಿಟ್ಟು ಯೇಸುವಿನ ಶಿಷ್ಯನಾದ ಸಂತ ಮತ್ತಾಯನ ಮೂರು ಚಿತ್ರ ಅಲ್ಲಿವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತೆ. ಪಕ್ಕದವರು ಹಾಕಲಿ ಅಂತ ಕಾಯೋ ಜಿಪುಣರ ಗುಂಪೇ ಇರುತ್ತೆ (ನಾನೂ ಅದರಲ್ಲೊಬ್ಬ). ಬೆಳಕು ಬಂದಾಗ ಎಡಗೋಡೆಯ ಚಿತ್ರ ನೋಡಿ. ಸುಂಕದ ಮೇಜಿನ ಸುತ್ತ ಜನ, ಮತ್ತಾಯನನ್ನು ಕರೆಯುತ್ತಾ ಬಲಗಡೆಯಿಂದ ಕೈ ಚಾಚಿದ ಯೇಸು. ಮೇಜಿನ ತುದಿಯ ಹುಡುಗನೋ, ದುಡ್ಡಿನಿಂದ ತಲೆಯೇ ಎತ್ತಿಲ್ಲ! ಮಧ್ಯಾಹ್ನ ಬಾಗಿಲು ಹಾಕ್ತಾರೆ, ಬೆಳಿಗ್ಗೆಯೇ ಹೋಗಿ.

ಉಳಿದ ಹೊತ್ತಿಗೆ ಚೆಂತ್ರಾಲೆ ಮೊಂತೆಮಾರ್ತಿನಿ ಇದೆ. ಹಳೇ ವಿದ್ಯುತ್ ಸ್ಥಾವರ, ಈಗ ಮ್ಯೂಸಿಯಂ; ದೈತ್ಯ ಡೀಸೆಲ್ ಎಂಜಿನ್‌ಗಳ ಮುಂದೆ ಅಮೃತಶಿಲೆಯ ರೋಮನ್ ದೇವತೆಗಳು ನಿಂತಿರ್ತಾರೆ. ಇನ್ನೊಂದು ದಿನ ಲೋಕಲ್ ರೈಲು ಹತ್ತಿ ಓಸ್ತಿಯಾ ಅಂತಿಕಾಗೆ ಹೋಗಿ. ಪ್ರಾಚೀನ ಬಂದರು ಪಟ್ಟಣ: ಬೇಕರಿಯ ಬೀಸೋ ಕಲ್ಲು, ಹೋಟೆಲಿನ ಕಟ್ಟೆ, ಸಾರ್ವಜನಿಕ ಶೌಚಾಲಯದ ಸಾಲು ಸಾಲು ಕಲ್ಲಿನ ಆಸನ ಎಲ್ಲಾ ಹಾಗೇ ಇವೆ. ಟೋಪಿ, ನೀರು ಮರೀಬೇಡಿ. ಸೋಮವಾರ ಎರಡಕ್ಕೂ ರಜೆ.