ಕಡಲ ಬಂಡೆಯ ಗಿಡಕ್ಕೆ ಉಪ್ಪುನೀರು ಹಾಕಬೇಡಿ

ಎಲೆ ತುದಿ ಸುಡುತ್ತಿದೆ ಅಂತ ನೀವು ಹಾಕಿದ ಕುಂಡದ ಫೋಟೋ ನೋಡಿದೆ. ಥ್ರಿಫ್ಟ್, ರಾಕ್ ಸ್ಯಾಂಫೈರ್, ಕಡಲ ಬಂಡೆಯ ಈ ಎರಡು ಗಿಡಗಳೂ ಒಂದೇ ಕುಂಡದಲ್ಲಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಮೇಲೆ ವಾರಕ್ಕೊಮ್ಮೆ ಉಪ್ಪುನೀರು. ಎಲೆ ತುದಿ ಸುಡದೆ ಇನ್ನೇನಾಗುತ್ತದೆ? ನಾನೂ ಹೀಗೇ ಮಾಡಿ ಗಿಡ ಕೊಂದವನು, ಅದಕ್ಕೇ ಜೋರಾಗಿ ಹೇಳುತ್ತಿದ್ದೇನೆ.

ಇವು ಉಪ್ಪು ಬೇಕು ಅಂತ ಬಂಡೆಗೆ ಹೋಗಿ ಕೂತಿಲ್ಲ. ಉಪ್ಪನ್ನು ತಡೆದುಕೊಳ್ಳುತ್ತವೆ, ಅಷ್ಟೇ. ಎತ್ತರ ಬೆಳೆದು ನೆರಳು ಹಾಕುವ ಗಿಡಗಳು ಆ ಉಪ್ಪುಗಾಳಿಗೆ ಬಾಳುವುದಿಲ್ಲ, ಹಾಗಾಗಿ ಇವಕ್ಕೆ ಜಾಗ ಸಿಕ್ಕಿದೆ. ಥ್ರಿಫ್ಟ್ ಕಡಲಿಂದ ದೂರದ ಬೆಟ್ಟಗಳ ಮೇಲೂ ಇದೆ, ಅಲ್ವಾ? ಬಂಡೆಯ ಉಪ್ಪನ್ನು ಮಳೆ ತೊಳೆಯುತ್ತದೆ. ಕುಂಡದಲ್ಲಿ ನೀರು ಆರಿ ಉಪ್ಪು ಉಳಿಯುತ್ತದೆ, ವಾರವಾರ ಜಾಸ್ತಿಯಾಗುತ್ತದೆ.

ಈಗಿನ ಮಣ್ಣನ್ನು ಪೂರ್ತಿ ತೆಗೆಯಿರಿ. ನನಗೆ ಕೆಲಸ ಮಾಡಿದ್ದು ಕಲ್ಲುಸಂದಿ. ಆಳದ ಕುಂಡದಲ್ಲಿ ಚಪ್ಪಟೆ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಎರಡು ಬೆರಳು ಸಂದಿ ಬಿಡಿ. ಅದಕ್ಕೆ ದಪ್ಪ ಮರಳು, ಸಣ್ಣ ಜಲ್ಲಿ, ಹಿಡಿಯಷ್ಟು ಮಣ್ಣು. ಎಳೆ ಸಸಿಯ ಬೇರಿಗೆ ಅಂಟಿದ ನರ್ಸರಿ ಮಿಶ್ರಣವನ್ನು ನೀರಲ್ಲಿ ತೊಳೆದು ಸಂದಿಗೆ ಇಳಿಸಿ, ಕಲ್ಲುಚೂರು ಸಿಕ್ಕಿಸಿ ಬಿಗಿ ಮಾಡಿ. ಬುಡದ ಸುತ್ತ ಬರೀ ಜಲ್ಲಿ ಇರಲಿ, ಹಸಿ ಮಣ್ಣು ತಾಗಿದರೆ ಕೊಳೆಯುತ್ತದೆ. ಬೇರು ಹಿಡಿಯುವವರೆಗೆ ನೀರು ಕೊಡಿ, ಆಮೇಲೆ ಒಣಗಿದಾಗ ಮಾತ್ರ. ಮೆತ್ತೆಯಂತೆ ಹರಡಿದ ಹಳೆಯ ಥ್ರಿಫ್ಟನ್ನು ಕೀಳಲು ಹೋಗಬೇಡಿ. ತಾಯಿಬೇರು ತುಂಬಾ ಕೆಳಗಿರುತ್ತದೆ, ಕಡಿದರೆ ಏಳುವುದು ಕಷ್ಟ. ಬೀಚಿನ ಮರಳೂ ಬೇಡ, ಅದೂ ಉಪ್ಪೇ. ಇನ್ನು ದಪ್ಪ ಎಲೆಯ ಗಿಡಗಳಿಗೆಂದು ಸಕ್ಯುಲೆಂಟ್ ಮಿಕ್ಸ್ ಅಂತ ಚೆಂದದ ಚೀಲದಲ್ಲಿ ಬರುತ್ತದಲ್ಲ, ನಾನು ತೆರೆದು ನೋಡಿದವುಗಳಲ್ಲಿ ಮುಕ್ಕಾಲು ಪಾಲು ಕೋಕೋಪೀಟೇ. ಸುಮ್ನೆ ದುಡ್ಡು ದಂಡ.

ಗೊಬ್ಬರದ ಆಸೆಯನ್ನೂ ಬಿಡಿ. ಕಡಲಹಕ್ಕಿಗಳು ಗುಂಪಾಗಿ ಗೂಡು ಕಟ್ಟುವ ಬಂಡೆ ನೋಡಿ. ಹಿಕ್ಕೆ ದಪ್ಪಗೆ ಬಿದ್ದಲ್ಲಿ ಥ್ರಿಫ್ಟ್ ಹಿಂದೆ ಸರಿದು ಸೀ ಬೀಟ್, ಮೇವೀಡ್, ಒರಾಚ್ ಅನ್ನುವ ಬೇರೆ ಗಿಡಗಳು ಸೊಂಪಾಗಿ ಏಳುತ್ತವೆ. ಸೀ ಕ್ಯಾಂಪಿಯನ್ ಅನ್ನುವ ಕಡಲಗಿಡ ಹಿಕ್ಕೆಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಆದರೂ ಕುಂಡಕ್ಕೆ ಗೊಬ್ಬರ ಬೇಡ.

ಇದೇ ಕುಂಡಕ್ಕೆ ಸ್ಕಾಟ್ಸ್ ಲವೇಜ್ ಅನ್ನುವ ಕಡಲಗಿಡ ಸೇರಿಸಲಾ ಅಂತ ಕೇಳಿದ್ದೀರಿ. ಬೇಡ. ಅದು ಉತ್ತರದ ತಣ್ಣನೆ ಕರಾವಳಿಯದು, ಸೆಕೆ ಆಗಿಬರುವುದಿಲ್ಲ. ಸ್ಯಾಂಫೈರ್ ದಕ್ಷಿಣದ್ದು, ಕಡು ಚಳಿ ಆಗಿಬರುವುದಿಲ್ಲ. ಬೇಕಿದ್ದರೆ ರಾಕ್ ಸೀ ಸ್ಪರಿ ಹಾಕಿ, ಬಂಡೆಬಿರುಕಲ್ಲಿ ಸ್ಯಾಂಫೈರ್ ಜೊತೆಗೇ ಇರುವ ಗಿಡ ಅದು. ಬೀಜ ಬಿತ್ತುವಾಗಲೂ ಸಿಹಿನೀರೇ ಹಾಕಿ, ಉಪ್ಪಿದ್ದರೆ ಮೊಳಕೆ ತಡವಾಗುತ್ತದೆ. ಮತ್ತೆ, ಬಂಡೆಯಿಂದ ಗಿಡ ಕಿತ್ತು ತರುವ ಯೋಚನೆ ಇದ್ದರೆ ಕೈಬಿಡಿ. ಬ್ರಿಟನ್ನಿನಲ್ಲಂತೂ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಜಾಗದವರ ಒಪ್ಪಿಗೆ ಇಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವಂತಿಲ್ಲ.